ಗ್ರೀನ್ ಕಾರ್ಡ್ ಇದೆ, ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಬೇಕು. ಬಳ್ಳಾರಿ ಮನೆ ಬಾಡಿಗೆಯನ್ನೂ ಅಮೆರಿಕದ ಟ್ಯಾಕ್ಸ್ ರಿಟರ್ನ್‌ನಲ್ಲಿ ತೋರಿಸಿರಬೇಕಾ?

ಹೌದು, ತೋರಿಸಿರಲೇಬೇಕು. ಗ್ರೀನ್ ಕಾರ್ಡ್ ಬಂದ ಮೇಲೆ ಯಾವ ದೇಶದ ಆದಾಯವಾದರೂ ಅಮೆರಿಕದ ರಿಟರ್ನ್‌ಗೆ ಸೇರುತ್ತೆ. ಬಳ್ಳಾರಿ ಗಾಂಧಿನಗರದ ಮನೆ ಬಾಡಿಗೆ, ಅಪ್ಪಾಜಿ ನಿಮ್ಮ ಹೆಸರಲ್ಲಿಟ್ಟ ಎಫ್‌ಡಿ ಬಡ್ಡಿ, ಎರಡೂ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಅಮೆರಿಕದ ಫಾರ್ಮ್ 1116ರಲ್ಲಿ ಕ್ರೆಡಿಟ್, ಅಂದ್ರೆ ಅಲ್ಲಿನ ತೆರಿಗೆಯಲ್ಲಿ ಕಡಿತ, ಕೇಳಬಹುದು.

ಪೌರತ್ವದ ಎನ್-400 ಅರ್ಜಿಯಲ್ಲಿ ತೆರಿಗೆ ಬಾಕಿ ಇದೆಯಾ ಅಂತ ಕೇಳ್ತಾರೆ. ಗ್ರೀನ್ ಕಾರ್ಡ್ ಬಂದ ಮೇಲೂ ನಾನ್‌ರೆಸಿಡೆಂಟ್ (ಅಮೆರಿಕದ ನಿವಾಸಿ ಅಲ್ಲ) ಅಂತ ರಿಟರ್ನ್ ಹಾಕಿದ್ದೀರಾ ಅಂತಲೂ ಕೇಳ್ತಾರೆ. ನನಗೆ ಇದೇ ಜಾಸ್ತಿ ಅಪಾಯ ಅನ್ಸುತ್ತೆ, ಎಷ್ಟೋ ಜನ ತಿಳಿಯದೆ ಹಾಗೆ ಹಾಕಿಬಿಟ್ಟಿರ್ತಾರೆ.

ಸಂದರ್ಶನಕ್ಕೆ 5 ವರ್ಷದ ಐಆರ್‌ಎಸ್ ಟ್ರಾನ್ಸ್‌ಕ್ರಿಪ್ಟ್ (ಅಮೆರಿಕದ ತೆರಿಗೆ ಇಲಾಖೆ ಕೊಡುವ ರಿಟರ್ನ್ ವಿವರದ ಪ್ರತಿ) ಒಯ್ಯಿರಿ. ಅಮೆರಿಕದ ಪೌರರ ಗಂಡ ಅಥವಾ ಹೆಂಡತಿಯಾಗಿ ಅರ್ಜಿ ಹಾಕುವವರಿಗೆ 3 ವರ್ಷದ್ದು. ಬಾಡಿಗೆ ತೋರಿಸಿಲ್ಲ ಅಂದ್ರೆ ಸುಮ್ನೆ ಕೂರಬೇಡಿ, ಅರ್ಜಿಗೆ ಮೊದಲೇ 1040-ಎಕ್ಸ್ (ತಿದ್ದುಪಡಿ ರಿಟರ್ನ್) ಹಾಕಿ ಸರಿಪಡಿಸಿ. ಬಾಕಿ ಇದ್ದರೆ ಕಂತಿನ ಒಪ್ಪಂದದ ಪತ್ರ, ಕಟ್ಟಿದ ರಸೀದಿ ಜೊತೆಗಿರಲಿ.