ಹಳೆಯ ಜೋಡಿ ನಳಿಗೆ ಬಂದೂಕಿನ ಡೊಂಕು ಹಿಡಿ: ಮೊದಲೇ ಇದ್ದದ್ದೋ, ಆಮೇಲೆ ಮಾಡಿಸಿದ್ದೋ?

ನಿಮ್ಮ ಬಂದೂಕಿನ ಮರದ ಹಿಡಿ ಒಂದು ಪಕ್ಕಕ್ಕೆ ಡೊಂಕಾಗಿದೆ, ನಳಿಗೆಗಳ ತುದಿಯಲ್ಲಿ ನಡುವೆ ಸಂದು ಕಾಣುತ್ತದೆ, ಇದೆಲ್ಲ ಆಮೇಲೆ ಮಾಡಿಸಿದ್ದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಆ ಡೊಂಕನ್ನು ಮರೆತುಬಿಡಿ. ವಿಚಿತ್ರವಾಗಿ ಕಂಡದ್ದರ ಹಿಂದೆಯೇ ಓಡಿ ನಾನು ಒಮ್ಮೆ ಕೆಟ್ಟಿದ್ದೇನೆ. ಒಂದು ಬಂದೂಕಿನ ನಳಿಗೆಗಳ ಹಿಂತುದಿಯಲ್ಲಿ, ಮೇಲ್ಭಾಗಕ್ಕೆ, ಎರಡು ಪುಟ್ಟ ತೇಪೆಗಳಿದ್ದವು. ಯಾವುದೋ ಗುಟ್ಟಿನ ಬೀಗ ಇರಬೇಕು ಅಂತ ತಿಂಗಳುಗಟ್ಟಲೆ ಪೇಟೆಂಟ್ ಚಿತ್ರಗಳನ್ನು ಹುಡುಕಿದೆ. ಕೊನೆಗೆ ನೋಡಿದರೆ ಅದು ಮೊದಲು ಪಿನ್‌ಫೈರ್ ಬಂದೂಕು! ಆ ತೋಟಾಗಳ ಪಕ್ಕದಿಂದ ಒಂದು ಪಿನ್ ಹೊರಗೆ ಚಾಚಿಕೊಂಡಿರುತ್ತಿತ್ತು, ಅದಕ್ಕೆ ನಳಿಗೆಯಲ್ಲಿ ಕಚ್ಚು ಬೇಕಿತ್ತು. ತಳದ ನಡುವೆ ಹೊಡೆತ ಬಿದ್ದು ಸಿಡಿಯುವ ಸೆಂಟರ್‌ಫೈರ್ ತೋಟಾ ಬಂದ ಮೇಲೆ ಯಾರೋ ಕಚ್ಚು ಮುಚ್ಚಿಸಿ ಬಳಸಿದ್ದಾರೆ, ಅಷ್ಟೇ.

ಬಂದೂಕು ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ನಳಿಗೆಗಳನ್ನು ಕಳಚಿ ತಳಭಾಗ ನೋಡಿ. ನಳಿಗೆ ಸಿಡಿತದ ಒತ್ತಡ ತಡೆಯುತ್ತದೆಯೇ ಅಂತ ಪರೀಕ್ಷಿಸಿ ಒತ್ತಿದ ಮುದ್ರೆಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಕೇಂದ್ರ 1813ರದ್ದು, ಲಂಡನ್ನಿನದು ಅದಕ್ಕಿಂತ ಹಳೆಯದು. ಬೆಲ್ಜಿಯಂನದಾದರೆ ಅಂಡಾಕಾರದೊಳಗೆ ಇಎಲ್‌ಜಿ ಅಕ್ಷರಗಳಿರುತ್ತವೆ. ಇಂಗ್ಲಿಷ್ ನಳಿಗೆಯ ಮೇಲೆ 'ನಾಟ್ ಫಾರ್ ಬಾಲ್' ಅಂತ ಇದ್ದರೆ ಅದು 1875ರಿಂದ 1887ರ ನಡುವಿನದು, ತುದಿ ಬಿಗಿ ಮಾಡಿದ (ಒಳರಂಧ್ರ ತುದಿಯಲ್ಲಿ ಕಿರಿದಾದ) ನಳಿಗೆ, ಒಂಟಿ ಗುಂಡು ಹಾಕಬೇಡಿ ಅಂತ ಅರ್ಥ. ಆ ಮುದ್ರೆ ಇದ್ದೂ ತುದಿ ಬಿಗಿಯಿಲ್ಲ ಅಂದರೆ, ಆಮೇಲೆ ಯಾರೋ ಕೊರೆದಿದ್ದಾರೆ, ಇಲ್ಲವೇ ಕತ್ತರಿಸಿದ್ದಾರೆ.

ನೀವು ಹೇಳಿದ ಸಂದು ನನಗೆ ಕತ್ತರಿಸಿದ ಗುರುತಿನ ಹಾಗೇ ಕೇಳಿಸುತ್ತದೆ. ಎರಡು ನಳಿಗೆ ಮುಂದೆ ಹೋಗ್ತಾ ಹತ್ತಿರವಾಗಿ, ತುದಿಯಲ್ಲಿ ಹೆಚ್ಚುಕಡಿಮೆ ಒಂದಕ್ಕೊಂದು ತಾಗುತ್ತವೆ. ಕತ್ತರಿಸಿದಾಗ ಆ ತಾಗುವ ಜಾಗವೇ ಹೋಗುತ್ತದೆ, ಸಂದು ಉಳಿಯುತ್ತದೆ. ಅದನ್ನು ಬೆಸುಗೆ ತುಂಬಿ ಮುಚ್ಚಿರಬಹುದು, ಬೆಳಕಿಗೆ ಹಿಡಿದು ನೋಡಿ.

ಹಿಂತುದಿಯಿಂದ ಕೆಲವು ಇಂಚು ಮುಂದೆ ನಳಿಗೆಯ ಸುತ್ತ ಕೂದಲೆಳೆಯಂಥ ಗೆರೆ ಇದೆಯಾ? ಇದ್ದರೆ ಹಳೆಯ ನಳಿಗೆಯ ಬುಡ ಉಳಿಸಿಕೊಂಡು ಹೊಸ ಕೊಳವೆ ಕೂರಿಸಿರಬಹುದು. ಇಂಗ್ಲೆಂಡಿನಲ್ಲಿ ಮರುಪರೀಕ್ಷೆಗೆ ಕೊಟ್ಟಿದ್ದರೆ 'ಸ್ಲೀವ್ಡ್' ಅಂತ ಮುದ್ರೆಯೂ ಇರುತ್ತದೆ.

ಇನ್ನು ಹಿಡಿ. ಬಲ ಹೆಗಲಿಗಿಟ್ಟು ಎಡಗಣ್ಣಿನಿಂದ ಗುರಿ ಹಿಡಿಯುವವರಿಗಾಗಿ ಹೀಗೆ ಬಾಗಿದ ಹಿಡಿ ಮಾಡುತ್ತಿದ್ದರು. ಬಲಗಣ್ಣು ಹೋದವರಿಗೂ ಇದೊಂದು ದಾರಿಯಾಗಿತ್ತು. ಆದರೆ ಒಳ್ಳೆಯ ತಯಾರಕರು ಮೊದಲ ಸಲವೇ ಗಿರಾಕಿಯ ಅಳತೆಗೆ ಮಾಡಿ ಕೊಡುತ್ತಿದ್ದರು. ಹಾಗಾಗಿ ಡೊಂಕು ಅಂದಮಾತ್ರಕ್ಕೆ ಆಮೇಲಿನ ಕೆಲಸ ಅನ್ನಲಾಗದು. ಮರ ಲೋಹಕ್ಕೆ ಸೇರುವ ಅಂಚು ಎಷ್ಟು ಬಿಗಿಯಾಗಿದೆ, ನಳಿಗೆಗಳ ಕೆಳಗೆ ಮುಂದಿನ ಕೈ ಹಿಡಿಯುವ ಮುಂಗೈ ಮರದ ಬಣ್ಣ ಹಿಡಿಗೆ ಹೊಂದುತ್ತದೆಯೇ ನೋಡಿ. ಹಿಡಿ ಬದಲಿಸಿದವರು ಮುಂಗೈ ಮರವನ್ನು ಹಾಗೇ ಬಿಟ್ಟಿರುವುದು ಜಾಸ್ತಿ.

ಕೊನೆಯ ಮಾತು ತಯಾರಕರ ಕಡತದ್ದು. ಹಾಲೆಂಡ್ ಆ್ಯಂಡ್ ಹಾಲೆಂಡ್, ಪರ್ಡಿಯಂಥವರ ಹಳೆಯ ಲೆಕ್ಕದ ಪುಸ್ತಕಗಳು ಉಳಿದಿವೆ. ಅಮೆರಿಕದ ಎಲ್.ಸಿ. ಸ್ಮಿತ್ ಆದರೆ ವಯೋಮಿಂಗಿನ ಕೋಡಿ ಬಂದೂಕು ಸಂಗ್ರಹಾಲಯಕ್ಕೆ ಸರಣಿ ಸಂಖ್ಯೆ ಬರೆದು ಕೇಳಬಹುದು. ಮಾರಿದಾಗ ನಳಿಗೆ ಎಷ್ಟು ಉದ್ದವಿತ್ತು ಅಂತ ಗೊತ್ತಾದರೆ ಸಂದಿನ ಪ್ರಶ್ನೆ ಅಲ್ಲಿಗೇ ಮುಗಿಯಿತು. ಮಾರಿದವರು ಹೇಳಿದ ಕಥೆಯನ್ನು ಮಾತ್ರ ಸುಮ್ನೆ ಕೇಳಿಸಿಕೊಳ್ಳಿ.

ತಳಭಾಗದ ಮುದ್ರೆಗಳ ಫೋಟೋ ಹಾಕಿ, ನೋಡೋಣ. ಅನುಭವಿ ಬಂದೂಕು ಕೆಲಸದವರಿಗೆ ತೋರಿಸುವವರೆಗೆ ತೋಟಾ ಹಾಕಬೇಡಿ.