ರೋಗಿ ಎಲ್ಲಿ ಹೋದರು ಡಾಕ್ಟ್ರೇ?

ಪ್ರಿಯ ಡಾಕ್ಟ್ರೇ,

ನೀವು ಉಡುಪಿಯಿಂದ ಕಳಿಸಿದ ‘ಬ್ರಾಂಕೋಸ್ಕೋಪಿ ಸಂದರ್ಭದ ಸುರಕ್ಷಿತ ಶ್ವಸನ ನಿರ್ವಹಣಾ ವಿಧಾನಗಳು’ ಲೇಖನವನ್ನು ಎರಡು ಸಲ ಓದಿದೆ. ಶ್ವಾಸನಾಳದೊಳಗೆ ಸ್ಕೋಪ್, ಅಂದರೆ ಒಳಗೆ ನೋಡುವ ಸಣ್ಣ ಕೊಳವೆ, ಇಳಿಸುವಾಗ ರೋಗಿಯ ಉಸಿರು ಕಾಯುವ ವಿಷಯ. ಈಗ ಇರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲಿಕ್ಕೆ ಆಗುವುದಿಲ್ಲ. ಬಿಸಾಡುವ ಲೇಖನವೂ ಅಲ್ಲ. ಹಾಗಾಗಿ ಈ ಪತ್ರ.

ಮೊದಲ ಪುಟ ಪೂರ್ತಿ ಇತಿಹಾಸ. 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ಒಬ್ಬ ರೈತನ ಶ್ವಾಸನಾಳದಿಂದ ಹಂದಿ ಎಲುಬು ತೆಗೆದ ಕಥೆ ಚೆನ್ನಾಗಿದೆ. ಎರಡು ಸಾಲಲ್ಲಿ ಮುಗಿಸಿ ಊರಿಗೆ ಬನ್ನಿ. ಅಡಿಕೆ ಹೋಳು ಸಿಕ್ಕಿಹಾಕಿಕೊಳ್ಳುವ ಭಯ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ.

ಮೂರನೇ ಪುಟದಲ್ಲಿ ಒಂದು ವಾಕ್ಯ ಅಡಗಿ ಕೂತಿದೆ: ‘ಉಪಕರಣ ಮತ್ತು ಗಾಳಿ ಎರಡಕ್ಕೂ ಇರುವುದು ಒಂದೇ ಮಾರ್ಗ.’ ನಿಮ್ಮ ಲೇಖನ ಅಂದ್ರೆ ಅದೇ! ಆಗುಂಬೆ ಘಾಟಿಯ ತಿರುವಿನಲ್ಲಿ ಒಂದು ದೊಡ್ಡ ಗಾಡಿ ನಿಂತರೆ ಏನಾಗುತ್ತದೆ ಅಂತ ನಮ್ಮ ಓದುಗರಿಗೆ ಗೊತ್ತು. ಲೆಕ್ಕವನ್ನೂ ಕೊಡಿ. ದೊಡ್ಡವರ ಶ್ವಾಸನಾಳ ಸುಮಾರು 18 ಮಿ.ಮೀ. ಅಗಲ ಅಂತ ಇಟ್ಟುಕೊಳ್ಳಿ. 6 ಮಿ.ಮೀ. ದಪ್ಪದ ಸ್ಕೋಪ್ ಅದರಲ್ಲಿ ಒಂಬತ್ತರಲ್ಲಿ ಒಂದು ಪಾಲು ಜಾಗ ಹಿಡಿಯುತ್ತದೆ. ಅದೇ ಸ್ಕೋಪ್, ಉಸಿರಾಟಕ್ಕೆ ಅಂತ ಶ್ವಾಸನಾಳಕ್ಕೆ ಇಳಿಸಿದ 8 ಮಿ.ಮೀ. ಟ್ಯೂಬಿನೊಳಗೆ ಹೋದರೆ ಅರ್ಧಕ್ಕಿಂತ ಜಾಸ್ತಿ. 7ರ ಟ್ಯೂಬಾದರೆ ಮುಕ್ಕಾಲಿನ ಹತ್ತಿರ. ದೊಡ್ಡ ಟ್ಯೂಬೇ ಬೇಕು ಅಂತ ನೀವು ಯಾಕೆ ಹೇಳುತ್ತೀರಿ ಅಂತ ಆಗ ಯಾರೂ ಕೇಳುವುದಿಲ್ಲ.

ಇನ್ನು ಒಂದು ತಪ್ಪು. ‘ಬೆರಳಿನ ಕ್ಲಿಪ್ಪಿನಲ್ಲಿ 98 ಇದ್ದರೆ ರೋಗಿ ಸುರಕ್ಷಿತ’ ಎಂದು ಬರೆದಿದ್ದೀರಿ. ಕೊರೊನಾ ಆದ ಮೇಲೆ ರಕ್ತದ ಆಕ್ಸಿಜನ್ ತೋರಿಸುವ ಆ ಕ್ಲಿಪ್ ಎಷ್ಟೋ ಮನೆಗಳ ಕಪಾಟಿನಲ್ಲಿದೆ, ಜನ ನಂಬಿಬಿಡುತ್ತಾರೆ. ಮಂಪರು ಮದ್ದು ಕೊಟ್ಟು, ಮೂಗಿಗೆ ಆಕ್ಸಿಜನ್ ಇಟ್ಟವರ ಉಸಿರು ನಿಧಾನವಾದರೂ ಆ ನಂಬರ್ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಇರುತ್ತದೆ. ಉಸಿರು ನಿಂತದ್ದನ್ನು, ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫಿನ ಗೆರೆ ಮೊದಲೇ ತೋರಿಸುತ್ತದೆ. ಇದು ನಿಮಗೆ ಗೊತ್ತಿಲ್ಲದ್ದಲ್ಲ. ಐದನೇ ಪುಟದ ಕೋಷ್ಟಕದಲ್ಲಿ ನೀವೇ ಹಾಕಿದ್ದೀರಿ, ಏಳನೇ ಸಾಲಿನಲ್ಲಿ! ಕೋಷ್ಟಕ ತೆಗೆಯಿರಿ, ಆ ಗೆರೆಯನ್ನು ಮೇಲೆ ತನ್ನಿ.

ಜೆಟ್ ವೆಂಟಿಲೇಶನ್ (ಸಣ್ಣ ನಳಿಕೆಯಿಂದ ಒತ್ತಡದ ಗಾಳಿ ಚಿಮ್ಮಿಸಿ ಉಸಿರು ಕೊಡುವುದು) ಭಾಗದಲ್ಲಿ ಗಾಳಿ ಜೋರಾಗಿ ಒಳಗೆ ಹೋಗುತ್ತದೆ ಅಂದಿರಿ. ಹೊರಗೆ ಬರುವುದು ಹೇಗೆ? ಆ ದಾರಿ ಕಟ್ಟಿದರೆ ಶ್ವಾಸಕೋಶಕ್ಕೇ ಪೆಟ್ಟು ಅಂತ ಹೇಳಲೇಬೇಕು. ಲೇಸರ್ ಬಳಸುವಾಗ ಬೆಂಕಿಯ ಭಯಕ್ಕೆ ಆಕ್ಸಿಜನ್ 40 ಶೇಕಡಕ್ಕಿಂತ ಕಮ್ಮಿ ಇಡುವ ವಿಷಯಕ್ಕೆ ಒಂದು ಸಾಲು ಸಾಕು.

‘ಅಲ್ಪಶ್ವಸನ’ ಬೇಡ, ‘ಉಸಿರು ಕಮ್ಮಿಯಾಗುವುದು’ ಅನ್ನಿ.

ನನ್ನ ಭಾವನಿಗೆ ಬ್ರಾಂಕೋಸ್ಕೋಪಿ ಆಗುವ ಹಿಂದಿನ ರಾತ್ರಿ ಅವರು ಕೇಳಿದ್ದು ಒಂದೇ: “ನನ್ನನ್ನು ಮಲಗಿಸಿದ ಮೇಲೆ ಉಸಿರು ಉಂಟಾ ಅಂತ ನೋಡುವವರು ಯಾರು ಮಾರಾಯ್ರೆ?” ನಿಮ್ಮ ಆರು ಪುಟದಲ್ಲಿ ಅದಕ್ಕೆ ಉತ್ತರ ಇಲ್ಲ. ಸ್ಕೋಪ್ ಹಿಡಿದವರು ಪರದೆ ನೋಡುತ್ತಿರುವಾಗ, ಎದೆ ಏಳುವುದನ್ನೇ ನೋಡುತ್ತಾ ತಲೆಯ ಹತ್ತಿರ ಇನ್ನೊಬ್ಬರು ನಿಂತಿರಬೇಕಲ್ವಾ? ನಾಲಿಗೆ ಹಿಂದೆ ಬಿದ್ದಾಗ ದವಡೆ ಎತ್ತಿ ಹಿಡಿಯುವವರು, ಹೆಸರು ಕೂಗಿ ಎಬ್ಬಿಸುವವರು. ಅದು ನೀವೇ ಮಾಡುವ ಕೆಲಸ. ಲೇಖನ ಅಲ್ಲಿಂದ ಶುರುವಾಗಲಿ.

ಮೂರು ಪುಟ ಮೀರಬೇಡಿ. ಸೋಮವಾರದೊಳಗೆ ಕಳಿಸಿ. ನೈಟ್ ಡ್ಯೂಟಿ ಇದ್ದರೆ ಸುಮ್ನೆ ಒಂದು ಫೋನ್ ಮಾಡಿ, ಜಾಗ ಹಿಡಿದಿಡುತ್ತೇನೆ.