ತನ್ನ ಕಥೆ ತಾನೇ ಹೇಳಿಕೊಂಡರೆ ನಾಟಕವಾದೀತೇ?

ಅಮೆರಿಕದ ಕಪ್ಪು ಗೇ ರಂಗಕರ್ಮಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ದಾವಣಗೆರೆಯ ಹವ್ಯಾಸಿ ನಟರೊಬ್ಬರು ಪತ್ರ ಬರೆದಿದ್ದಾರೆ. ಅವರ ತಕರಾರು ಎರಡು: ತನ್ನ ಕಷ್ಟ ತಾನೇ ತೋಡಿಕೊಂಡರೆ ಅದು ಅಳಲು, ನಾಟಕವಲ್ಲ; ಗೇ ಎಂದ ಮೇಲೆ ಎಲ್ಲರೂ ಒಂದೇ, ನಡುವೆ ಬಣ್ಣದ ಮಾತೇಕೆ? ಕೊನೆಗೆ, ಇಂಥದೊಂದನ್ನು ಕನ್ನಡದಲ್ಲಿ ಆಡಬಹುದೇ ಎಂದೂ ಕೇಳಿದ್ದಾರೆ.

ಮಾನ್ಯರೇ,

ಬಣ್ಣದ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. 1991ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಪುಟ್ಟ ಕ್ಯಾಬರೆಯಲ್ಲಿ (ಹಾಡು, ಹಾಸ್ಯ, ಕಿರುನಾಟಕ ನಡೆಯುವ ಜಾಗ) ಬ್ರಯಾನ್ ಫ್ರೀಮನ್, ಜೋಲಾ ಬ್ರ್ಯಾನರ್, ಎರಿಕ್ ಗಪ್ಟನ್ ಎಂಬ ಮೂವರು ಕಪ್ಪು ಗೇ ಕಲಾವಿದರು ‘ಫಿಯರ್ಸ್ ಲವ್’ ಪ್ರಯೋಗ ಮಾಡಿದರು. ತಂಡದ ಹೆಸರು ‘ಪೋಮೋ ಆಫ್ರೋ ಹೋಮೋಸ್’. ಅದೇ ವರ್ಷ ನಾರ್ತ್ ಕ್ಯಾರೊಲಿನಾದಲ್ಲಿ ನಡೆದ ರಾಷ್ಟ್ರೀಯ ಕಪ್ಪು ರಂಗೋತ್ಸವದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಇತ್ತ ಬಿಳಿಯರು ಬರೆದ ನಾಟಕಗಳಲ್ಲಿ ಕಪ್ಪು ಗೇ ಗಂಡಸಿಗೆ ಸಿಗುತ್ತಿದ್ದುದು ಮನೆಯಾಳು, ನರ್ಸು, ವಂಚಕನ ಪಾತ್ರ. ತಮ್ಮ ಮುಂದಿನ ಪ್ರಯೋಗ ‘ಡಾರ್ಕ್ ಫ್ರೂಟ್’ನಲ್ಲಿ ಅವರು ಹೆಸರಾಂತ ನಾಟಕಗಳ ಅಂಥ ಮೂರು ಪಾತ್ರಗಳನ್ನೇ ಹೊರಗೆಳೆದು ತಂದು ಮಾತಿಗೆ ನಿಲ್ಲಿಸಿದರು. ಎರಡೂ ಕಡೆ ಬಾಗಿಲು ಹಾಕಿಸಿಕೊಂಡವರು ಇನ್ಯಾರ ಕಥೆ ಹೇಳಬೇಕಿತ್ತು?

ಅದು ಏಡ್ಸ್ ಕಾಲ ಎಂಬುದನ್ನೂ ಮರೆಯಬಾರದು. 1992ರಲ್ಲಿ ಕವಿ ಡೊನಾಲ್ಡ್ ವುಡ್ಸ್ ತೀರಿಕೊಂಡರು. ಅವರ ಅಂತ್ಯಕ್ರಿಯೆಯಲ್ಲಿ ಅವರು ಗೇ ಎಂಬುದನ್ನೂ ಏಡ್ಸ್‌ನಿಂದ ಸತ್ತರೆಂಬುದನ್ನೂ ಮುಚ್ಚಿಡಲಾಗಿತ್ತು. ಹೈಟಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನಾಟಕ ಕಟ್ಟುತ್ತಿದ್ದ ಕವಿ ಅಸೊಟೊ ಸೇಂಟ್ ಅಲ್ಲೇ ಎದ್ದು ನಿಂತು, ನೆರೆದವರೆಲ್ಲರ ಎದುರಿಗೆ ಎರಡನ್ನೂ ಹೇಳಿಬಿಟ್ಟರು. ಎರಡೇ ವರ್ಷಕ್ಕೆ, 1994ರಲ್ಲಿ, ಅವರೂ ಏಡ್ಸ್‌ಗೆ ಬಲಿಯಾದರು. ಸತ್ತ ಮೇಲೆ ತಮ್ಮ ಬದುಕನ್ನು ಬೇರೆಯವರು ತಿದ್ದಿ ಬರೆಯುತ್ತಾರೆಂದು ಗೊತ್ತಿದ್ದವರು ಬದುಕಿರುವಾಗಲೇ ರಂಗಕ್ಕೇರಿ ‘ನಾನು’ ಎಂದರು. ಅದನ್ನು ಅಳಲು ಎನ್ನಲು ನನಗಂತೂ ಮನಸ್ಸು ಒಪ್ಪದು.

ಇನ್ನು ನಾಟಕವೇ ಎಂಬ ಪ್ರಶ್ನೆ. ಮೈಕಲ್ ಆರ್. ಜಾಕ್ಸನ್ ಅವರ ‘ಎ ಸ್ಟ್ರೇಂಜ್ ಲೂಪ್’ ನೋಡಿ. ಜಾಕ್ಸನ್ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸ ಮಾಡುತ್ತಿದ್ದವರು. ಅವರ ನಾಯಕನ ಕೆಲಸವೂ ಅದೇ; ಅವನೂ ಕಪ್ಪು ಗೇ ಯುವಕನೊಬ್ಬನ ಬಗ್ಗೆ ಸಂಗೀತನಾಟಕ ಬರೆಯುತ್ತಿದ್ದಾನೆ. ಅವನ ಸುತ್ತ ಆರು ನಟರು ಅವನ ಯೋಚನೆಗಳಾಗಿ ಸುಳಿದಾಡುತ್ತಾರೆ: ನೀನು ದಪ್ಪ, ನಿನ್ನನ್ನು ಯಾರು ಮೆಚ್ಚುತ್ತಾರೆ ಎಂದು ಚುಚ್ಚುತ್ತಾರೆ. ಆಮೇಲೆ ಅಪ್ಪ ಅಮ್ಮನ ಪಾತ್ರಕ್ಕೆ ಬರುವವರೂ ಇವರೇ! ಅಂದರೆ ನಾವು ಕಾಣುವುದು ಅವನ ಅಮ್ಮನನ್ನಲ್ಲ, ಅವನ ತಲೆಯೊಳಗೆ ಕೂತ ಅಮ್ಮನನ್ನು. ಇಷ್ಟು ಕುಸುರಿ ಬರೀ ಗೋಳು ತೋಡಿಕೊಳ್ಳುವವನಿಗೆ ಬೇಕಿಲ್ಲ. ಈ ಕೃತಿಗೆ 2020ರಲ್ಲಿ ಪುಲಿಟ್ಜರ್, 2022ರಲ್ಲಿ ಅತ್ಯುತ್ತಮ ಸಂಗೀತನಾಟಕಕ್ಕೆ ಟೋನಿ ಬಂದವು. ಪ್ರಶಸ್ತಿಯ ಮಾತು ಬಿಡಿ, ಆ ಆರು ನಟರ ಉಪಾಯವೊಂದೇ ನಿಮ್ಮಂಥ ನಟರಿಗೆ ದೊಡ್ಡ ಪಾಠ.

ಕನ್ನಡದಲ್ಲಿ ಆಡುವುದಾದರೆ ಮೊದಲು ಹಕ್ಕುದಾರರ ಅನುಮತಿ ಪಡೆಯಿರಿ. ಆಮೇಲೆ ಒಂದು ಮಾತು ನಡೆಸಿಕೊಡಿ: ಮುಖಕ್ಕೆ ಕಪ್ಪು ಬಳಿಯಲೇಬೇಡಿ. 19ನೇ ಶತಮಾನದ ಅಮೆರಿಕದಲ್ಲಿ ಬಿಳಿ ನಟರು ಸುಟ್ಟ ಬಿರಡೆಯ ಮಸಿ ಬಳಿದುಕೊಂಡು, ಕಪ್ಪು ಜನರನ್ನು ಹಂಗಿಸುತ್ತಾ ‘ಮಿನ್‌ಸ್ಟ್ರೆಲ್’ ಆಟಗಳಲ್ಲಿ ಊರೂರು ಸುತ್ತಿ ದುಡ್ಡು ಮಾಡಿದರು. ಈ ಕಪ್ಪು ಗೇ ರಂಗಕರ್ಮಿಗಳು ‘ನಾನು’ ಎಂದು ನಿಂತದ್ದು ಆ ಮಸಿಯ ವಿರುದ್ಧವೂ ಹೌದು. ನಿಮ್ಮ ಮುಖದಲ್ಲೇ, ನಿಮ್ಮ ದಿನದ ಬಟ್ಟೆಯಲ್ಲೇ, ಪಠ್ಯ ಕೈಯಲ್ಲಿ ಹಿಡಿದು ರಂಗವಾಚನ ಮಾಡಿ. ಅನುವಾದದ ಕರಡು ಸಿದ್ಧವಾದರೆ ನಮಗೂ ಕಳಿಸಿ.

— ಸಂ.